ವಿದ್ಯುತ್ತನ್ನು ಬಕೀಟಿನಿಂದ ಅಳೆದ ಮೈಕೇಲ್ ಫ್ಯಾರಡೆ



ಮಾಗಿಯ ದಿನಗಳಲ್ಲಿ ನಮ್ಮ ಧರೂರಿನ ಕಡೆ ಗಾಳಿ ಎಷ್ಟು ಒಣಗಿರುತ್ತದೆಂಬುದು ನಿಮಗೆ ಗೊತ್ತು. ತುಟಿ ಒಡೆಯುತ್ತದೆ, ಅಂಗೈ ಬಿರಿಯುತ್ತದೆ. ಅಂಥ ದಿನ ಅಂಗಡಿಯಿಂದ ತಂದ ಹೊಸ ಪ್ಲಾಸ್ಟಿಕ್ ಚೀಲವನ್ನು ಬಿಡಿಸಲು ಹೋದರೆ ಅದು ಬಾಯಿ ಬಿಡುವುದಿಲ್ಲ. ಬಿಟ್ಟರೂ ಕೈಗೆ ಅಂಟಿಕೊಂಡೇ ಬರುತ್ತದೆ. ಬಾಚಣಿಗೆಯಿಂದ ತಲೆ ಬಾಚಿ, ಅದನ್ನು ಕಾಗದದ ಚೂರುಗಳ ಹತ್ತಿರ ಹಿಡಿದು, ಚೂರುಗಳು ಹಾರಿ ಬರುವುದನ್ನು ನೋಡಿ ನಕ್ಕವರೇ ನೀವೆಲ್ಲ. ಇದು ಸ್ಥಾಯೀ ವಿದ್ಯುತ್ತಿನ ಆಟವೆಂದು ತರಗತಿಯಲ್ಲಿ ಓದಿದ್ದೀರಿ. ಎರಡು ವಸ್ತುಗಳು ಒಂದನ್ನೊಂದು ಉಜ್ಜಿದಾಗ ಒಂದಕ್ಕೆ ಧನ ಆವೇಶ, ಇನ್ನೊಂದಕ್ಕೆ ಋಣ ಆವೇಶ ಬರುತ್ತದೆ.

ಆದರೆ ಈ ಅಂಟಿನ ಕಾಟ ಆ ಚೀಲ ಚೀಲವಾಗುವ ಮೊದಲೇ ಶುರುವಾಗಿರುತ್ತದೆ. ಪಾಲಿಥೀನ್ ತಯಾರಾಗುವುದು ಎಥಿಲೀನ್ ಎಂಬ ಅನಿಲದಿಂದ. ಅದನ್ನು ತಯಾರಿಸುವ ಒಂದು ಮುಖ್ಯ ವಿಧಾನ 1968ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಹಲವು ಅಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ಪಾತ್ರೆಯೊಂದರ ತಳದಲ್ಲಿ ತೂತುಗಳಿರುವ ತಟ್ಟೆ. ಅದರ ಕೆಳಗಿನಿಂದ ಅನಿಲವನ್ನು ಜೋರಾಗಿ ಊದುತ್ತಾರೆ. ಒಳಗೆ ತುಂಬಿರುವ ಪ್ಲಾಸ್ಟಿಕ್ ಪುಡಿ ಆ ಗಾಳಿಗೆ ಮೇಲೆದ್ದು, ಒಲೆಯ ಮೇಲಿನ ಅಂಬಲಿಯಂತೆ ಕುದಿಯತೊಡಗುತ್ತದೆ. ಅನಿಲವೇ ಕಣಗಳ ಮೇಲೆ ಕೂಡಿಕೊಂಡು ಪ್ಲಾಸ್ಟಿಕ್ಕಾಗುತ್ತ ಹೋಗುತ್ತದೆ. ಇಂಥ ಪಾತ್ರೆಗೆ ರಿಯಾಕ್ಟರ್ ಎಂದು ಹೆಸರು. ಕರ್ನಾಟಕದಲ್ಲಿ ಮಂಗಳೂರಿನ ಎಂ.ಆರ್.ಪಿ.ಎಲ್. ಸಂಸ್ಕರಣಾಗಾರದಲ್ಲಿ ಇದರ ದಾಯಾದಿಯಾದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ 2015ರಿಂದ ತಯಾರಾಗುತ್ತಿದೆ.

ಹೀಗೆ ಕುದಿಯುವಾಗ ಕೋಟ್ಯಂತರ ಕಣಗಳು ಒಂದಕ್ಕೊಂದು, ಉಕ್ಕಿನ ಗೋಡೆಗೆ ಉಜ್ಜುತ್ತವೆ. ಉಜ್ಜಿದ ಮೇಲೆ ಆವೇಶ ಬಾರದಿರುತ್ತದೆಯೇ? ಆವೇಶ ಹೆಚ್ಚಾದರೆ ಪುಡಿ ಹೋಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಪುಡಿಯ ಶಾಖ ಹೊರಗೆ ಹೋಗಲಾರದೆ ಅದು ಕರಗಿ ಹಪ್ಪಳದಂತೆ ಹಾಳೆಯಾಗುತ್ತದೆ. ಆ ಹಾಳೆ ಕಳಚಿ ತಳದ ತಟ್ಟೆಯ ಮೇಲೆ ಬಿದ್ದರೆ ಅನಿಲದ ದಾರಿ ಕಟ್ಟಿತು, ಕಾರ್ಖಾನೆ ನಿಂತಿತು. ಆದ್ದರಿಂದ ಒಳಗೆ ಎಷ್ಟು ಆವೇಶ ಕೂಡಿದೆಯೆಂದು ಇಂಜಿನಿಯರುಗಳು ಸದಾ ಅಳೆಯಬೇಕಾಗುತ್ತದೆ. ಹೇಗೆ ಅಳೆಯುವುದು? ಕಣ್ಣಿಗೆ ಕಾಣದು, ತಕ್ಕಡಿಗೆ ಸಿಗದು, ಕೈಯಿಟ್ಟು ನೋಡುವಂತಿಲ್ಲ. ಅವರು ಬಳಸುವ ಸಾಧನಗಳಲ್ಲಿ ಒಂದರ ಹೆಸರು ಫ್ಯಾರಡೆ ಬಟ್ಟಲು. ಅದರ ಮೂಲ ಒಂದು ಬಕೀಟು. ಆ ಬಕೀಟನ್ನು ಹಿಡಿದುಕೊಂಡು ಪ್ರಯೋಗ ಮಾಡಿದಾತ ಒಬ್ಬ ಕಮ್ಮಾರನ ಮಗ; ಶಾಲೆಯ ಮೆಟ್ಟಿಲನ್ನು ಹೆಚ್ಚು ದಿನ ಹತ್ತಿದವನಲ್ಲ. ಆತನ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೈಕೇಲ್ ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ, ಲಂಡನ್ನಿಗೆ ತೀರ ಸಮೀಪದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ ಹುಟ್ಟಿದನು. ತಂದೆ ಜೇಮ್ಸ್ ಕಮ್ಮಾರಿಕೆಯವನು, ಆದರೆ ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದುದರಿಂದ ಕುಲುಮೆ ಹೊತ್ತಿದ ದಿನಕ್ಕಿಂತ ಆರಿದ ದಿನಗಳೇ ಹೆಚ್ಚು. ತಾಯಿ ಮಾರ್ಗರೆಟ್. ನಾಲ್ಕು ಮಕ್ಕಳಲ್ಲಿ ಇವನು ಮೂರನೆಯವನು. 1801ರಲ್ಲಿ ಧಾನ್ಯದ ಬೆಲೆ ಏರಿ ಬಡವರ ಬದುಕು ದುಸ್ತರವಾದಾಗ ಒಂಬತ್ತು ವರ್ಷದ ಈ ಹುಡುಗನ ಪಾಲಿಗೆ ವಾರಕ್ಕೆ ಒಂದು ರೊಟ್ಟಿಯ ತುಂಡು ಬರುತ್ತಿತ್ತು. ದಿನಕ್ಕಲ್ಲ, ವಾರಕ್ಕೆ. ಅದನ್ನೇ ಅವನು ಭಾಗ ಮಾಡಿಕೊಂಡು ತಿನ್ನಬೇಕು. ನಮ್ಮ ಸೀಮೆಯ ಹಿರಿಯರು ಬರಗಾಲದ ಮಾತು ಬಂದಾಗ ಹೇಳುವ ಸಂಗತಿಗಳಿಗೂ ಇದಕ್ಕೂ ದೂರವೇನಿಲ್ಲ.

ಓದು, ಬರಹ, ಲೆಕ್ಕದ ಮೊದಲ ಪಾಠ, ಇಷ್ಟರಲ್ಲಿ ಶಾಲೆ ಮುಗಿಯಿತು. 1804ರಲ್ಲಿ, ಹದಿಮೂರರ ಹೊಸ್ತಿಲಲ್ಲಿ, ರೀಬೋ ಎಂಬ ಪುಸ್ತಕದ ಅಂಗಡಿಯವನ ಬಳಿ ಓಡಾಟದ ಕೆಲಸಕ್ಕೆ ಸೇರಿದನು. ಆಗ ವೃತ್ತಪತ್ರಿಕೆ ದುಬಾರಿ. ಜನ ಅದನ್ನು ಬಾಡಿಗೆಗೆ ತರಿಸಿ ಓದಿ ಮರಳಿಸುತ್ತಿದ್ದರು. ಮನೆಮನೆಗೆ ಪತ್ರಿಕೆ ಕೊಡುವುದು, ಮತ್ತೆ ಹೋಗಿ ತರುವುದು ಹುಡುಗನ ಕೆಲಸ. ಮರುವರ್ಷ ರೀಬೋ ಅವನನ್ನು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಏಳು ವರ್ಷಗಳ ಮಟ್ಟಿಗೆ ಸೇರಿಸಿಕೊಂಡನು. ಕಲಿಸಲು ಕೊಡಬೇಕಾದ ಹಣವನ್ನೂ ಕೇಳಲಿಲ್ಲ. ರೀಬೋನ ಈ ಔದಾರ್ಯವನ್ನು ವಿಜ್ಞಾನದ ಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತೆಂದು ನನಗೆ ಅನ್ನಿಸುತ್ತದೆ.

ಹುಡುಗ ರಟ್ಟು ಕಟ್ಟುವಾಗ ಪುಸ್ತಕದ ಒಳಗನ್ನೂ ನೋಡಿದನು. ರಟ್ಟಿಗೆ ಬಂದ ವಿಶ್ವಕೋಶದ ಒಂದು ಸಂಪುಟದಲ್ಲಿ ವಿದ್ಯುತ್ತಿನ ಮೇಲೆ ಲೇಖನವಿತ್ತು. ಅದನ್ನು ಓದಿ ಮರುಳಾದನು. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದಿದ್ದ ರಸಾಯನಶಾಸ್ತ್ರದ ಪುಸ್ತಕವೂ ಅವನ ಕೈಗೆ ಸಿಕ್ಕಿತು. ಬರೆದದ್ದನ್ನೆಲ್ಲ ನಂಬುವ ಜಾಯಮಾನ ಅವನದಲ್ಲ. ಕೈಯಲ್ಲಿದ್ದ ಬಿಡಿಗಾಸು ಕೂಡಿಸಿ, ಅಗ್ಗದ ಗಾಜಿನ ಬಾಟಲಿ ಕೊಂಡು, ಉಜ್ಜಿ ವಿದ್ಯುತ್ತು ಹುಟ್ಟಿಸುವ ಯಂತ್ರವೊಂದನ್ನು ತಾನೇ ಮಾಡಿಕೊಂಡನು. ಮುಂದೆ ಲೋಕಕ್ಕೇ ವಿದ್ಯುತ್ತಿನ ಪಾಠ ಹೇಳಿದವನ ಮೊದಲ ಉಪಕರಣ ಅದು. ಅದೂ ಸ್ಥಾಯೀ ವಿದ್ಯುತ್ತಿನದೇ.

1810ರಲ್ಲಿ ತಂದೆ ತೀರಿಕೊಂಡನು. ಆ ದಿನಗಳಲ್ಲೇ ಟಾಟಮ್ ಎಂಬಾತ ತನ್ನ ಮನೆಯಲ್ಲಿ ಸಂಜೆ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದನು. ಪ್ರವೇಶಕ್ಕೆ ಒಂದು ಷಿಲಿಂಗ್. ಮೈಕೇಲನಲ್ಲಿ ಎಲ್ಲಿಂದ ಬರಬೇಕು? ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್ ಅದನ್ನು ಕೊಟ್ಟನು. ತಮ್ಮ ಉಪನ್ಯಾಸಗಳಿಗೆ ಹೋಗಿ ಟಿಪ್ಪಣಿ ಬರೆದು, ಚಿತ್ರ ಬಿಡಿಸಿ, ತಾನೇ ರಟ್ಟು ಕಟ್ಟಿ ಇಟ್ಟುಕೊಂಡನು. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬ ಈ ಹುಡುಗನ ಆಸಕ್ತಿ ಕಂಡು, ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಹಂಫ್ರಿ ಡೇವಿ ಕೊಡಲಿದ್ದ ನಾಲ್ಕು ಉಪನ್ಯಾಸಗಳ ಚೀಟಿ ಕೊಟ್ಟನು. ಡೇವಿ ಎಂದರೆ ಆಗಿನ ಕಾಲಕ್ಕೆ ಇಂಗ್ಲೆಂಡಿನ ದೊಡ್ಡ ರಸಾಯನಶಾಸ್ತ್ರಜ್ಞ. ಫ್ಯಾರಡೆ ಗ್ಯಾಲರಿಯಲ್ಲಿ ಗಡಿಯಾರದ ಮೇಲ್ಗಡೆಯ ಜಾಗದಲ್ಲಿ ಕುಳಿತು ಒಂದಕ್ಷರ ಬಿಡದಂತೆ ಕೇಳಿದನು. ಮನೆಗೆ ಬಂದು ಎಲ್ಲವನ್ನೂ ಅಂದವಾಗಿ ಬರೆದು, ಪುಸ್ತಕ ಮಾಡಿ, ಕೆಲಸ ಬೇಡಿ ಪತ್ರ ಬರೆದು ಡೇವಿಗೆ ಕಳಿಸಿದನು.

ಡೇವಿ ಪುಸ್ತಕವನ್ನು ಮೆಚ್ಚಿಕೊಂಡನು. ಆದರೆ ಕೆಲಸ ಖಾಲಿ ಇರಲಿಲ್ಲ. ಕೆಲವೇ ವಾರಗಳಲ್ಲಿ ಅಲ್ಲಿನ ಪ್ರಯೋಗಾಲಯದ ಸಹಾಯಕ ಹೊಡೆದಾಟ ಮಾಡಿ ಕೆಲಸ ಕಳೆದುಕೊಂಡನು. 1813ರ ಮಾರ್ಚ್ 1ರಂದು ಆ ಸ್ಥಾನ ಫ್ಯಾರಡೆಗೆ ದೊರೆಯಿತು. ವಾರಕ್ಕೆ 25 ಷಿಲಿಂಗ್ ಸಂಬಳ, ಮಾಳಿಗೆಯ ಮೇಲೆ ಎರಡು ಕೋಣೆ, ಒಲೆಗೆ ಇದ್ದಿಲು, ಉರಿಸಲು ಮೇಣದ ಬತ್ತಿ. ಯಾರದೋ ಹೊಡೆದಾಟದಿಂದ ಲೋಕಕ್ಕೆ ಇಷ್ಟು ಲಾಭವಾದದ್ದು ಅಪರೂಪ.

ಅದೇ ವರ್ಷ ಅಕ್ಟೋಬರಿನಲ್ಲಿ ಡೇವಿ ದಂಪತಿಗಳ ಜೊತೆ ಯೂರೋಪಿನ ಪ್ರವಾಸಕ್ಕೆ ಹೊರಟನು. ಡೇವಿಯ ಆಳು ಬರಲು ಒಪ್ಪದ್ದರಿಂದ ಅವನ ಕೆಲಸಗಳೂ ಫ್ಯಾರಡೆಯ ತಲೆಗೆ ಬಂದವು. ಡೇವಿಯ ಹೆಂಡತಿ ಅವನನ್ನು ಆಳಿನಂತೆಯೇ ಕಂಡಳು. ಮನಸ್ಸಿಗೆ ಬಹಳ ನೋವಾಗಿ, ಅರ್ಧದಲ್ಲೇ ಮರಳಿ ಬಿಡಲೇ ಎಂದೂ ಯೋಚಿಸಿದನು. ಆದರೂ ಸಹಿಸಿದನು. ಪ್ಯಾರಿಸ್ಸಿನಲ್ಲಿ ಆಂಪೇರ್, ಮಿಲಾನಿನಲ್ಲಿ ವೋಲ್ಟಾ ಇಂಥವರನ್ನು ಕಾಣುವ ಭಾಗ್ಯ ಆ ಪ್ರವಾಸದಿಂದಲೇ ಬಂತು. 1815ರ ಏಪ್ರಿಲ್‌ನಲ್ಲಿ ಮರಳಿದ ಮೇಲೆ ಬದುಕಿನ ಉಳಿದ ದಿನಗಳ ಬಹುಭಾಗವನ್ನು ಅದೇ ಸಂಸ್ಥೆಯ ಕಟ್ಟಡದಲ್ಲಿ ಕಳೆದನು. 1821ರಲ್ಲಿ ಸಾರಾ ಬರ್ನಾರ್ಡ್ ಎಂಬ ಕನ್ಯೆಯನ್ನು ಮದುವೆಯಾದನು. ಅವರಿಗೆ ಮಕ್ಕಳಾಗಲಿಲ್ಲ.

ಅವನ ದೊಡ್ಡ ಶೋಧಗಳು ನಿಮ್ಮ ಪಠ್ಯಪುಸ್ತಕದಲ್ಲಿವೆ. ಬೇಗ ಹೇಳಿ ಮುಂದೆ ಹೋಗುತ್ತೇನೆ. 1821ರಲ್ಲಿ ವಿದ್ಯುತ್ ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದನು. ಇಂದಿನ ಮೋಟರಿನ ಬೀಜ ಅದು. 1825ರಲ್ಲಿ ಬೆಂಜೀನನ್ನು ಬೇರ್ಪಡಿಸಿದನು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದು ಸುರುಳಿಯಲ್ಲಿ ವಿದ್ಯುತ್ತನ್ನು ಹಾಯಿಸಿದ ಅಥವಾ ನಿಲ್ಲಿಸಿದ ಗಳಿಗೆಯಲ್ಲಿ ಇನ್ನೊಂದರಲ್ಲಿ ವಿದ್ಯುತ್ ಹುಟ್ಟುವುದನ್ನು ಕಂಡನು. ನಮ್ಮ ಊರ ಮಗ್ಗುಲಿಗೇ ಕೃಷ್ಣೆಗೆ ಕಟ್ಟಿದ ಜೂರಾಲ ಅಣೆಕಟ್ಟಿನ ವಿದ್ಯುದಾಗಾರದಲ್ಲಿ 39 ಮೆಗಾವಾಟಿನ ಆರು ಯಂತ್ರಗಳಿವೆಯಲ್ಲ, ಅವು ತಿರುಗಿ ವಿದ್ಯುತ್ತು ಕೊಡುವುದು ಆತ ಕಂಡ ಆ ಪ್ರೇರಣೆಯ ಬಲದಿಂದಲೇ.

ಹೊಗಳಿಕೆಯ ಜೊತೆಗೆ ನೋವೂ ಬಂತು. ಮೊದಲ ಶೋಧದ ಸಮಯದಲ್ಲಿ ಬೇರೆಯವರ ವಿಚಾರವನ್ನು ಕದ್ದನೆಂಬ ಅಪವಾದ ಹಬ್ಬಿತು. 1824ರಲ್ಲಿ ರಾಯಲ್ ಸೊಸೈಟಿಗೆ ಸದಸ್ಯನಾಗಿ ಅವನ ಹೆಸರು ಬಂದಾಗ, ಅದನ್ನು ವಿರೋಧಿಸಿದವನು ಅವನ ಗುರು ಡೇವಿಯೇ. ಗುಪ್ತ ಮತದಾನದಲ್ಲಿ ವಿರುದ್ಧ ಬಿದ್ದದ್ದು ಒಂದೇ ಮತ, ಫ್ಯಾರಡೆ ಆಯ್ಕೆಯಾದನು. ಇಷ್ಟಾದರೂ ಡೇವಿಯ ಬಗೆಗೆ ಅವನು ಕೊನೆಯವರೆಗೂ ಗೌರವ ಬಿಡಲಿಲ್ಲ. ಶಿಷ್ಯನ ಏಳಿಗೆಯನ್ನು ಸಹಿಸುವುದು ಗುರುಗಳಿಗೂ ಕೆಲವೊಮ್ಮೆ ಕಷ್ಟ ಎಂದು, ನಾನೂ ಒಬ್ಬ ಮೇಷ್ಟ್ರಾಗಿ, ಒಪ್ಪಿಕೊಳ್ಳಬೇಕು.

ಈಗ ನಮ್ಮ ಬಕೀಟಿನ ಕಡೆಗೆ ಬರೋಣ. ಆದರೆ ಅದಕ್ಕೂ ಮೊದಲು ಒಂದು ಪಂಜರದ ಸಂಗತಿ. 1836ರ ಜನವರಿಯಲ್ಲಿ ಫ್ಯಾರಡೆ ಹನ್ನೆರಡು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಕೋಣೆಯನ್ನು ಮರದ ಚೌಕಟ್ಟಿನಿಂದ ಮಾಡಿಸಿ, ಅದಕ್ಕೆ ತಾಮ್ರದ ತಂತಿ ಮತ್ತು ತವರದ ಹಾಳೆ ಹೊದಿಸಿದನು. ಹೊರಗಿನಿಂದ ಬಲವಾದ ಯಂತ್ರದಿಂದ ಅದಕ್ಕೆ ವಿದ್ಯುತ್ತು ಏರಿಸಿದರು. ಗೋಡೆಯ ಹೊರಮೈಯಿಂದ ಕಿಡಿಗಳು ಚಿಮ್ಮುತ್ತಿದ್ದವು. ಒಳಗೆ ಫ್ಯಾರಡೆ ಉರಿಯುವ ಮೇಣದ ಬತ್ತಿ ಮತ್ತು ಸೂಕ್ಷ್ಮವಾದ ಮಾಪಕಗಳನ್ನಿಟ್ಟುಕೊಂಡು ನಿರಾತಂಕವಾಗಿ ಕುಳಿತಿದ್ದನು. ಯಾವ ಮಾಪಕವೂ ಅಲುಗಲಿಲ್ಲ. ಆವೇಶವೆಲ್ಲ ಹೊರಮೈಯಲ್ಲಿ, ಒಳಗೆ ಏನೂ ಇಲ್ಲ. ಮಳೆಗಾಲದಲ್ಲಿ ಸಿಡಿಲಿಗೆ ಹೆದರುವ ನಾವು ಕಬ್ಬಿಣದ ಬಸ್ಸಿನೊಳಗೆ ಬಹುಮಟ್ಟಿಗೆ ಕ್ಷೇಮವಾಗಿರುವುದು ಈ ಕಾರಣಕ್ಕೆ.

ಇಷ್ಟೆಲ್ಲ ದುಡಿತದ ಫಲವಾಗಿ ಐವತ್ತು ತುಂಬುವ ಮೊದಲೇ ಅವನ ಆರೋಗ್ಯ ಕೆಟ್ಟಿತು. ತಲೆ ತಿರುಗುವುದು, ಮರೆವು. ನಿನ್ನೆ ಮಾಡಿದ ಪ್ರಯೋಗ ಇವತ್ತು ನೆನಪಿರುತ್ತಿರಲಿಲ್ಲ. ಆದ್ದರಿಂದಲೇ ಏನೇ ಮಾಡಲಿ, ಅದನ್ನು ದಿನಚರಿಯಲ್ಲಿ ಅಂಕಿ ಹಾಕಿ ಬರೆದಿಡುವ ಅಭ್ಯಾಸ ಅವನಿಗೆ ಊರುಗೋಲಾಯಿತು. 1841ರಲ್ಲಿ ಸ್ವಿಟ್ಜರ್‌ಲೆಂಡಿನ ಬೆಟ್ಟಗಳಿಗೆ ಹೋಗಿ ವಿಶ್ರಾಂತಿ ಪಡೆದು ಬಂದನು. ಪೂರ್ತಿ ಗುಣವಾಗದ ಆ ದಿನಗಳಲ್ಲಿ, 1843ರಲ್ಲಿ ಮಾಡಿದ ಎರಡು ಕೆಲಸಗಳು ಇಂದಿನ ರಿಯಾಕ್ಟರುಗಳವರೆಗೆ ಬಂದಿವೆ.

ಮೊದಲನೆಯದು ಉಗಿಯ ಸಮಸ್ಯೆ. 1840ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ಸೆಗ್‌ಹಿಲ್ ಎಂಬಲ್ಲಿ ಗಣಿಯ ಬಾಯ್ಲರೊಂದು ಸೋರುತ್ತಿತ್ತು. ಅದನ್ನು ನೋಡಿಕೊಳ್ಳುವವನು ಒಂದು ಕೈಯನ್ನು ಉಗಿಗೆ ಒಡ್ಡಿ ಇನ್ನೊಂದು ಕೈಯಿಂದ ಸನ್ನೆಗೋಲನ್ನು ಮುಟ್ಟಲು ಹೋದಾಗ ಕಿಡಿ ಹಾರಿ ಬೆಚ್ಚಿಬಿದ್ದನು. ಆರ್ಮ್‌ಸ್ಟ್ರಾಂಗ್ ಎಂಬಾತ ಇದನ್ನು ಪರೀಕ್ಷಿಸಿ ಪ್ರಕಟಿಸಿದನು. ನೀರು ಉಗಿಯಾಗುವಾಗಲೇ ವಿದ್ಯುತ್ತು ಹುಟ್ಟುತ್ತದೆಯೆ, ಹಾಗಿದ್ದರೆ ಮೋಡದ ಸಿಡಿಲಿಗೂ ಅದೇ ಕಾರಣವೆ ಎಂಬ ಪ್ರಶ್ನೆ ವಿದ್ವಾಂಸರಲ್ಲಿ ಎದ್ದಿತು.

ಫ್ಯಾರಡೆ ಒಂದು ಚಿಕ್ಕ ಬಾಯ್ಲರನ್ನು ನೆಲಕ್ಕೆ ವಿದ್ಯುತ್ತು ಇಳಿದುಹೋಗದಂತೆ ಅವಾಹಕದ ಮೇಲೆ ನಿಲ್ಲಿಸಿ, ಬೇರೆ ಬೇರೆ ಮೂತಿಗಳಿಂದ ಉಗಿ ಬಿಟ್ಟು ನೋಡಿದನು. ಒಣ ಉಗಿ ಬಂದಾಗ ವಿದ್ಯುತ್ತು ಇಲ್ಲ. ಉಗಿಯ ಜೊತೆ ನೀರಿನ ಹನಿಗಳು ಬಂದಾಗ ಮಾತ್ರ ಇದೆ. ಅಂದರೆ ತಪ್ಪು ಉಗಿಯದಲ್ಲ, ಮೂತಿಯ ಗೋಡೆಗೆ ಉಜ್ಜಿಕೊಂಡು ಹೋಗುವ ನೀರಿನದು. ಉಗಿ ನೀರನ್ನು ತಳ್ಳುತ್ತದೆ, ಅಷ್ಟೆ. ನೀರಿಗೆ ಸ್ವಲ್ಪ ಉಪ್ಪು ಹಾಕಿದರೂ ವಿದ್ಯುತ್ತು ಮಾಯ. ಟರ್ಪೆಂಟೈನ್ ಎಣ್ಣೆ ಸೇರಿಸಿದರೆ ಧನ ಇದ್ದಲ್ಲಿ ಋಣ, ಋಣ ಇದ್ದಲ್ಲಿ ಧನ! ಆಮೇಲೆ ಉಗಿಯನ್ನೇ ಬಿಟ್ಟು, ಒತ್ತಿಟ್ಟ ಗಾಳಿಯನ್ನು ಬಿಟ್ಟು ನೋಡಿದನು. ಒಣ ಗಾಳಿಯೊಂದೇ ಹೋದರೆ ಏನೂ ಇಲ್ಲ. ಆ ಗಾಳಿಯಲ್ಲಿ ಗಂಧಕ, ರಾಳ, ಪಿಷ್ಟ ಇಂಥವುಗಳ ಒಣ ಪುಡಿಯನ್ನು ತೂರಿಸಿದಾಗ ಮಾಪಕ ಅಲುಗಿತು.

ಇಲ್ಲಿ ಸ್ವಲ್ಪ ನಿಲ್ಲಿ. ಹರಿಯುವ ಅನಿಲ, ಅದರಲ್ಲಿ ಒಣ ಪುಡಿ, ಉಜ್ಜಲು ಗೋಡೆ. ಪ್ಲಾಸ್ಟಿಕ್ ರಿಯಾಕ್ಟರಿನಲ್ಲಿ ಇರುವುದೂ ಇವು ಮೂರೇ. ಪ್ಲಾಸ್ಟಿಕ್ಕಿನ ಹೆಸರೇ ಇಲ್ಲದ ಕಾಲದಲ್ಲಿ ಅದರ ಕಾಟದ ಮೂಲವನ್ನು ಅವನು ಕೈಯಳತೆಯ ಸಾಮಾನಿನಿಂದ ತೋರಿಸಿಬಿಟ್ಟಿದ್ದನು. ಈಗಲೂ ರಿಯಾಕ್ಟರಿನವರು ಅತ್ಯಲ್ಪ ಪ್ರಮಾಣದಲ್ಲಿ ಕೆಲವು ಪದಾರ್ಥಗಳನ್ನು ಒಳಬಿಟ್ಟು ಆವೇಶವನ್ನು ತಗ್ಗಿಸುತ್ತಾರೆ. ಒಂದು ಚಿಟಿಕೆ ಉಪ್ಪಿನ, ಒಂದು ಹನಿ ಎಣ್ಣೆಯ ಆ ಪ್ರಯೋಗದ ನೆನಪಾಗುತ್ತದೆ.

ಎರಡನೆಯದೇ ಬಕೀಟು. ಶ್ರೀಮಂತರ ಮನೆಗಳಲ್ಲಿ ಮಂಜುಗಡ್ಡೆ ಇಡಲು ಬಳಸುತ್ತಿದ್ದ, ತವರ ಬೆರೆತ ಲೋಹದ ಬಕೀಟು. ಎತ್ತರ ಹತ್ತೂವರೆ ಅಂಗುಲ, ಅಗಲ ಏಳು ಅಂಗುಲ. ಅದನ್ನು ಅವಾಹಕದ ಮೇಲೆ ಇಟ್ಟು, ಅದರ ಹೊರಮೈಯಿಂದ ಒಂದು ತಂತಿಯನ್ನು ಚಿನ್ನದ ರೇಕಿನ ವಿದ್ಯುದ್ದರ್ಶಕಕ್ಕೆ ಜೋಡಿಸಿದನು. ಆವೇಶ ಬಂದರೆ ಎರಡು ರೇಕುಗಳು ಒಂದನ್ನೊಂದು ತಳ್ಳಿ ಅಗಲುತ್ತವೆ. ಒಂದು ಹಿತ್ತಾಳೆಯ ಗುಂಡಿಗೆ ಆವೇಶ ಕೊಟ್ಟು, ಮೂರು ನಾಲ್ಕು ಅಡಿ ಉದ್ದದ ಒಣ ರೇಷ್ಮೆಯ ದಾರದಿಂದ ಅದನ್ನು ಬಕೀಟಿನೊಳಗೆ ಇಳಿಬಿಟ್ಟನು. ರೇಷ್ಮೆಯೇ ಏಕೆಂದರೆ ಅದರಲ್ಲಿ ಆವೇಶ ಹರಿದು ಹೋಗದು. ನಮ್ಮ ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಒಣ ಹವೆಯಲ್ಲಿ ಅದನ್ನು ಮಡಿಚುವ ನಿಮ್ಮ ತಾಯಂದಿರನ್ನು ಕೇಳಿ ನೋಡಿ, ಯಾವುದು ಕೈಗೆ ಹೆಚ್ಚು ಅಂಟುತ್ತದೆಂದು.

ಗುಂಡು ಒಳಗೆ ಇಳಿಯುತ್ತ ಹೋದಂತೆ ರೇಕುಗಳು ಅಗಲಿದವು. ಬಾಯಿಯಿಂದ ಮೂರು ಅಂಗುಲ ಕೆಳಗೆ ಇಳಿದ ಮೇಲೆ ಅಗಲಿಕೆ ನಿಂತಿತು. ಆಮೇಲೆ ಗುಂಡನ್ನು ಮಧ್ಯದಲ್ಲಿ ಹಿಡಿಯಿರಿ, ಗೋಡೆಯ ಹತ್ತಿರ ಒಯ್ಯಿರಿ, ತಳದ ಸಮೀಪ ಇಳಿಸಿರಿ, ರೇಕು ಕದಲದು. ಕೊನೆಗೆ ಗುಂಡು ತಳವನ್ನು ಮುಟ್ಟಿತು. ಆಗಲೂ ರೇಕು ಕದಲಲಿಲ್ಲ. ಗುಂಡನ್ನು ಹೊರಗೆ ತೆಗೆದು ಪರೀಕ್ಷಿಸಿದರೆ ಅದರಲ್ಲಿ ಒಂದು ಚೂರೂ ಆವೇಶ ಉಳಿದಿರಲಿಲ್ಲ. ಇದರ ಅರ್ಥವೇನು? ಗುಂಡಿನಲ್ಲಿ ಎಷ್ಟು ಆವೇಶವಿತ್ತೋ, ಬಕೀಟಿನ ಒಳಮೈಯಲ್ಲಿ ಅಷ್ಟೇ ವಿರುದ್ಧ ಆವೇಶವೂ ಹೊರಮೈಯಲ್ಲಿ ಅಷ್ಟೇ ಸಮಾನ ಆವೇಶವೂ ಪ್ರೇರಣೆಯಿಂದ ಬಂದಿದ್ದವು. ಸಾಸಿವೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾದರೆ ಬಕೀಟಿನ ಹೊರಗಿದ್ದೇ ಒಳಗಿನ ಲೆಕ್ಕ ಹೇಳಬಹುದು! ಅವನು ಒಂದರೊಳಗೊಂದು ನಾಲ್ಕು ಪಾತ್ರೆ ಇಟ್ಟೂ ನೋಡಿದನು. ಉತ್ತರ ಅದೇ ಬಂತು. ಗಣಿತ ಹೆಚ್ಚು ಬಾರದ ಫ್ಯಾರಡೆಗೆ ಈ ಸಮತೆಯನ್ನು ಕಾಣಲು ಸಮೀಕರಣ ಬೇಕಾಗಲಿಲ್ಲ. ಸಮೀಕರಣಗಳನ್ನು ಮುಂದೆ ಮ್ಯಾಕ್ಸ್‌ವೆಲ್ ಬರೆದನು.

ರಿಯಾಕ್ಟರಿನವರಿಗೆ ಇದು ಎಷ್ಟು ಅನುಕೂಲವೆಂದು ಯೋಚಿಸಿರಿ. ಹಿತ್ತಾಳೆಯ ಗುಂಡಾದರೆ ಮುಟ್ಟಿಸಿ ಆವೇಶವನ್ನು ಹೊರಗೆಳೆಯಬಹುದು. ಪ್ಲಾಸ್ಟಿಕ್ ಪುಡಿ ಅವಾಹಕ. ಮುಟ್ಟಿಸಿದರೆ ಅದು ತನ್ನ ಆವೇಶವನ್ನು ಬಿಟ್ಟುಕೊಡುವುದಿಲ್ಲ. ಆದರೆ ಬಕೀಟಿನೊಳಗೆ ಬಿದ್ದರೆ ಸಾಕು, ಬಿಟ್ಟುಕೊಡಬೇಕಾಗಿಯೇ ಇಲ್ಲ. ಪುಡಿ ಎಲ್ಲಿ ಹೇಗೆ ಬಿದ್ದಿದ್ದರೂ ಲೆಕ್ಕ ಒಂದೇ. ಆದ್ದರಿಂದ ಒಂದು ಲೋಹದ ಬಟ್ಟಲನ್ನು ಇನ್ನೊಂದು ದೊಡ್ಡ ಬಟ್ಟಲಿನೊಳಗೆ ಅವಾಹಕದ ಮೇಲೆ ಕೂಡಿಸುತ್ತಾರೆ. ಹೊರಗಿನದು ಭೂಮಿಗೆ ಜೋಡಣೆಯಾಗಿ, ಹೊರಗಿನ ಗದ್ದಲವನ್ನು ಪಂಜರದಂತೆ ತಡೆಯುತ್ತದೆ. ಒಳಗಿನದರ ತಂತಿ ಎಲೆಕ್ಟ್ರೋಮೀಟರಿಗೆ. ರಿಯಾಕ್ಟರಿನಿಂದ ಒಂದಿಷ್ಟು ಪುಡಿಯನ್ನು ಅದರಲ್ಲಿ ಬೀಳಿಸಿ, ಬಂದ ಆವೇಶವನ್ನು ಪುಡಿಯ ತೂಕದಿಂದ ಭಾಗಿಸಿ, ಕಿಲೋಗ್ರಾಮಿಗೆ ಇಷ್ಟು ಮೈಕ್ರೋಕೂಲಂಬ್ ಎಂದು ಹೇಳುತ್ತಾರೆ.

ಇದರಲ್ಲೂ ತೊಡಕುಗಳಿವೆ. ಪುಡಿ ಕೊಳವೆಯಲ್ಲಿ ಇಳಿದು ಬರುವಾಗಲೇ ಮತ್ತೆ ಉಜ್ಜಿಕೊಂಡು ಆವೇಶ ಬದಲಾಗಬಹುದು. ಸಣ್ಣ ಕಣಗಳು ಒಂದು ಬಗೆಯ ಆವೇಶ, ದೊಡ್ಡವು ವಿರುದ್ಧ ಆವೇಶ ಹೊತ್ತಿದ್ದರೆ ಬಕೀಟು ಕೂಡಿಸಿ ಕಳೆದ ಮೊತ್ತವನ್ನಷ್ಟೇ ಹೇಳುತ್ತದೆ. ಸಾಲವೂ ಆಸ್ತಿಯೂ ಸಮನಾಗಿರುವವನ ಲೆಕ್ಕದಂತೆ, ಸೊನ್ನೆ ತೋರಿಸಿದರೂ ಒಳಗೆ ಶಾಂತಿ ಇರುವುದಿಲ್ಲ. ಅದಕ್ಕೇ ಒಳಗಿನ ಸ್ಥಿತಿಯನ್ನು ಆಗಿಂದಾಗ ತಿಳಿಯಲು ಪ್ರೋಬ್ ಎಂಬ ಲೋಹದ ಸಲಾಕೆಯನ್ನು ಗೋಡೆಗೆ ತಾಗದಂತೆ ಅವಾಹಕದ ತೋಳು ತೊಡಿಸಿ ಒಳಕ್ಕೆ ಚಾಚುತ್ತಾರೆ. ಕಣವೊಂದು ಸಲಾಕೆಗೆ ಬಡಿದರೆ ಸ್ವಲ್ಪ ಆವೇಶ ದಾಟುತ್ತದೆ. ಬಡಿಯದೆ ಹತ್ತಿರ ಹಾದುಹೋದರೂ ಪ್ರೇರಣೆಯಿಂದ ಒಂದು ಅಲೆ ಏಳುತ್ತದೆ. ಎರಡೂ ಸೇರಿ ತಂತಿಯಲ್ಲಿ ಬರುವ ಪ್ರವಾಹ ಅತಿ ಸೂಕ್ಷ್ಮ, ಒಂದು ಆಂಪೇರಿನ ನೂರು ಕೋಟಿಯಲ್ಲೊಂದು ಪಾಲಿನ ಆಸುಪಾಸು. ಯಾವುದು ಬಡಿದದ್ದು, ಯಾವುದು ಹಾದುಹೋದದ್ದು ಎಂದು ಬಿಡಿಸುವುದೇ ಜಾಣತನ. ಒಳಗೆ ಶಾಖ ಸುಮಾರು ನೂರು ಡಿಗ್ರಿಯ ಆಸುಪಾಸು, ಒತ್ತಡ ನಮ್ಮ ವಾತಾವರಣದ ಇಪ್ಪತ್ತು ಪಟ್ಟು. ಕೆಲವೊಮ್ಮೆ ಸಲಾಕೆಯ ತುದಿಗೇ ಪ್ಲಾಸ್ಟಿಕ್ ಮೆತ್ತಿ ಅದು ಕುರುಡಾಗುತ್ತದೆ.

ಆವೇಶ ಯಾವಾಗಲೂ ವೈರಿಯೇನಲ್ಲ. ಕೃಷ್ಣೆಯ ದಂಡೆಯಲ್ಲೇ ಇರುವ ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಹೊಗೆಯೊಳಗಿನ ಬೂದಿಗೆ ಬೇಕೆಂದೇ ಆವೇಶ ಕೊಟ್ಟು, ಲೋಹದ ತಟ್ಟೆಗಳಿಗೆ ಅಂಟಿಸಿ ಹಿಡಿಯುತ್ತಾರೆ. ಹಿಡಿಯದಿದ್ದರೆ ಆ ಬೂದಿ ಸುತ್ತಲ ಹೊಲಗಳ ಮೇಲೆ ಬಿದ್ದೀತು.

ಪುಡಿ, ಗಾಳಿ, ಕಿಡಿ ಎಂದಾಗ ಇನ್ನೊಂದು ಘಟನೆ ಹೇಳದೆ ಮುಂದೆ ಹೋಗಲಾರೆ. 1844ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಡರ್ಹಮ್ ಸೀಮೆಯ ಹ್ಯಾಸ್‌ವೆಲ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 95 ಮಂದಿ ಸತ್ತರು. ಸತ್ತವರಲ್ಲಿ ಹುಡುಗರೂ ಇದ್ದರು. ನಿಮ್ಮ ವಯಸ್ಸಿನವರು, ನಿಮಗಿಂತ ಚಿಕ್ಕವರು ಗಣಿಯಲ್ಲಿ ದುಡಿಯುತ್ತಿದ್ದ ಕಾಲ ಅದು. ಸರ್ಕಾರ ವಿಚಾರಣೆಗೆ ಫ್ಯಾರಡೆಯನ್ನೂ ಭೂವಿಜ್ಞಾನಿ ಲಯಲ್‌ನನ್ನೂ ಕಳಿಸಿತು. ಇಬ್ಬರೂ ಗಣಿಗೆ ಇಳಿದರು. ಗಾಳಿಯ ಓಟವನ್ನು ಹೇಗೆ ಅಳೆಯುತ್ತೀರೆಂದು ಫ್ಯಾರಡೆ ಕೇಳಿದಾಗ, ಅಲ್ಲಿಯವನು ಒಂದು ಚಿಟಿಕೆ ಕೋವಿಮದ್ದನ್ನು ಮೇಣದ ಬತ್ತಿಯ ಜ್ವಾಲೆಗೆ ಹಾಕಿ, ಹೊಗೆ ಎಷ್ಟು ಬೇಗ ಸಾಗುತ್ತದೆಂದು ತೋರಿಸಿದನು. ಮದ್ದನ್ನು ಎಲ್ಲಿಟ್ಟಿದ್ದೀರೆಂದು ಕೇಳಿದರೆ ಒಂದು ಚೀಲದಲ್ಲಿ ಎಂದರು. ಚೀಲ ಎಲ್ಲಿದೆ ಎಂದರೆ, ಕೂಡಲು ಬೇರೇನೂ ಸಿಗದಿದ್ದಾಗ ಫ್ಯಾರಡೆಗೆ ಆಸನವಾಗಿ ಕೊಟ್ಟಿದ್ದು ಅದೇ ಚೀಲ! ಅವನು ಎಷ್ಟು ವೇಗವಾಗಿ ಎದ್ದಿರಬೇಕೆಂದು ನೀವೇ ಊಹಿಸಿಕೊಳ್ಳಿ.

ನಗುವ ಸಂಗತಿ ಅದೊಂದೇ. ಸ್ಫೋಟಕ್ಕೆ ಗಣಿಯ ಅನಿಲವಷ್ಟೇ ಅಲ್ಲ, ಗಾಳಿಗೆದ್ದ ಕಲ್ಲಿದ್ದಲಿನ ನುಣ್ಣನೆಯ ಧೂಳೂ ಹೊತ್ತಿಕೊಂಡು ಬೆಂಕಿಯನ್ನು ದೂರಕ್ಕೆ ಒಯ್ದಿತೆಂದು ಅವರಿಬ್ಬರೂ ವರದಿಯಲ್ಲಿ ಬರೆದರು. ಕಲ್ಲಿದ್ದಲು ತೆಗೆದು ಬರಿದಾದ ಜಾಗಗಳಲ್ಲಿ ಕೂಡುವ ಅನಿಲವನ್ನು ಕೊಳವೆಯಿಂದ ಹೀರಿ ತೆಗೆಯಬೇಕೆಂದು ಸಲಹೆ ಕೊಟ್ಟರು. ಗಣಿಯ ಒಡೆಯರು ಇದು ಆಗುಹೋಗದ ಮಾತೆಂದು ತಳ್ಳಿಹಾಕಿದರು. ಧೂಳಿನ ಮಾತಂತೂ ಹಲವು ದಶಕ ಮೂಲೆಗೆ ಬಿತ್ತು. ಅಷ್ಟರಲ್ಲಿ ಎಷ್ಟು ಗಣಿಗಳು ಸಿಡಿದವೋ, ಎಷ್ಟು ಮನೆಗಳ ದೀಪ ಆರಿದವೋ. ಇಂದು ಹಿಟ್ಟಿನ ಗಿರಣಿ, ಸಕ್ಕರೆ ಕಾರ್ಖಾನೆ, ಪ್ಲಾಸ್ಟಿಕ್ ಪುಡಿಯ ಗೋದಾಮುಗಳಲ್ಲಿ ಧೂಳನ್ನು ಗುಡಿಸಿ, ಪ್ರತಿ ಕೊಳವೆಯನ್ನೂ ಭೂಮಿಗೆ ತಂತಿಯಿಂದ ಜೋಡಿಸಿ, ಸ್ಥಾಯೀ ವಿದ್ಯುತ್ತಿನ ಒಂದು ಕಿಡಿಯೂ ಹಾರದಂತೆ ನೋಡಿಕೊಳ್ಳುವುದು ಅಂಥ ಸಾವುಗಳಿಂದ ಕಲಿತ ಮೇಲೆ.

ಫ್ಯಾರಡೆ ಹಣಕ್ಕೆ ಬೆನ್ನುಬಿದ್ದವನಲ್ಲ. ಕಂಪನಿಗಳಿಗೆ ಸಲಹೆ ಕೊಟ್ಟು ಬಹಳ ಗಳಿಸಬಹುದಾಗಿತ್ತು. ಸಂಶೋಧನೆಗೆ ಸಮಯ ಸಾಲದೆಂದು ಆ ಕೆಲಸವನ್ನೆಲ್ಲ ಬಹುಮಟ್ಟಿಗೆ ಬಿಟ್ಟನು. ಸರ್ ಪದವಿ ಬೇಡವೆಂದನು. ಹಿಂದೊಮ್ಮೆ ಸದಸ್ಯತ್ವಕ್ಕೇ ವಿರೋಧ ಬಂದಿದ್ದ ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನ ಎರಡು ಬಾರಿ ತಾನಾಗಿ ಬಂದಾಗ ಅದನ್ನೂ ಬೇಡವೆಂದನು. ಬೇಡವೆನ್ನದೆ ಇಟ್ಟುಕೊಂಡದ್ದು ಮಕ್ಕಳಿಗಾಗಿ ಕ್ರಿಸ್‌ಮಸ್ ರಜೆಯಲ್ಲಿ ಕೊಡುತ್ತಿದ್ದ ಉಪನ್ಯಾಸಗಳನ್ನು. ಹತ್ತೊಂಬತ್ತು ವರ್ಷಗಳ ಉಪನ್ಯಾಸ ಮಾಲೆಗಳನ್ನು ಅವನೇ ನಡೆಸಿದನು. ಅವುಗಳಲ್ಲಿ ಒಂದು ಮಾಲೆ ಪೂರ್ತಿ ಒಂದೇ ಒಂದು ಮೇಣದ ಬತ್ತಿಯನ್ನು ಕುರಿತದ್ದು. ಆ ಉಪನ್ಯಾಸಗಳು ಇಂದಿಗೂ ಲಂಡನ್ನಿನಲ್ಲಿ ನಡೆಯುತ್ತಿವೆ.

1858ರಲ್ಲಿ ವಿಕ್ಟೋರಿಯಾ ರಾಣಿ ಅವನ ವಾಸಕ್ಕೆ ಹ್ಯಾಂಪ್ಟನ್ ಕೋರ್ಟಿನಲ್ಲಿ ಒಂದು ಮನೆ ಕೊಟ್ಟಳು. ಮರೆವು ಹೆಚ್ಚುತ್ತ ಹೋಯಿತು. ತಾನು ಕಂಡುಹಿಡಿದದ್ದನ್ನೇ ತಾನು ಮರೆಯುವ ದಿನಗಳು ಬಂದವು. ಒಂದೊಂದೇ ಜವಾಬ್ದಾರಿಯನ್ನು ಬಿಡುತ್ತ ಬಂದನು. ಸಾರಾ ಪಕ್ಕದಲ್ಲೇ ಇದ್ದಳು. 1867ರ ಆಗಸ್ಟ್ 25ರಂದು ತನ್ನ ಓದುವ ಕೋಣೆಯ ಕುರ್ಚಿಯಲ್ಲಿ ಕುಳಿತಿದ್ದಂತೆಯೇ ತೀರಿಕೊಂಡನು. ದೊರೆಗಳನ್ನೂ ಮಹಾಪುರುಷರನ್ನೂ ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನನ್ನು ಮಣ್ಣು ಮಾಡಲಿಲ್ಲ. ಅವನ ಇಷ್ಟದಂತೆ ಹೈಗೇಟ್ ಸ್ಮಶಾನದಲ್ಲಿ ಸರಳವಾಗಿ ಹೂಳಿದರು. ಸಮಾಧಿಯ ಕಲ್ಲಿನ ಮೇಲೆ ಬಿರುದು ಬಾವಲಿಗಳಿಲ್ಲ. ಹೆಸರಿದೆ, ಹುಟ್ಟಿದ ದಿನ ಇದೆ, ಸತ್ತ ದಿನ ಇದೆ.